ತಲೆ ಕಳಚುವ ಟಾರ್ಚು

ಟಾರ್ಚಿನಲ್ಲಿ ಏನು ಮಹಾ ಇದೆ ಎಂದು ಕೇಳುವವರನ್ನು ಕಂಡರೆ ಅಶ್ವತ್ಥನಿಗೆ ಮೈಯೆಲ್ಲ ಉರಿಯುತ್ತಿತ್ತು. ಒಂದು ಕೊಳವೆ, ಎರಡು ಸೆಲ್ಲು, ಒತ್ತಿದರೆ ಬೆಳಕು, ಬಿಟ್ಟರೆ ಕತ್ತಲೆ, ಇದಕ್ಕೂ ಒಬ್ಬ ಇಂಜಿನಿಯರ್ ಬೇಕಾ ಭಾವ ಎಂದು ಹೆಂಡತಿಯ ತಮ್ಮ ನಿತೀಶ್ ಬೆಂಗಳೂರಿನಿಂದ ವಿಡಿಯೋ ಕಾಲಿನಲ್ಲಿ ನಕ್ಕಿದ್ದ. ಅಶ್ವತ್ಥ ಅವತ್ತು ಅರ್ಧ ಗಂಟೆ ಅವನಿಗೆ ಲೆನ್ಸಿನ ಪಾಠ ಮಾಡಿದ. ಪಾಪ, ಆ ಹುಡುಗ ಆಮೇಲೆ ಎಷ್ಟೋ ದಿನ ಭಾವನ ಫೋನೇ ಎತ್ತಲಿಲ್ಲ.

ಜಪಾನಿನ ಹಮಾಮತ್ಸುವಿಗೆ ಬಂದ ಹೊಸದರಲ್ಲಿ ಅಶ್ವತ್ಥ ಕಾರಿನ ಹೆಡ್‌ಲೈಟ್ ಮಾಡುವ ಕಡೆ ಇದ್ದ. ಊರು ತುಂಬ ಮೋಟಾರು ಕಂಪನಿಗಳೇ. ಅವುಗಳ ನೆರಳಿನಲ್ಲಿ ಬೋಲ್ಟು, ದೀಪ, ಕನ್ನಡಿ ಮಾಡಿಕೊಂಡು ಬದುಕುವ ಸಣ್ಣ ಕಂಪನಿಗಳಿಗಂತೂ ಲೆಕ್ಕವಿಲ್ಲ. ಅಂಥದ್ದೊಂದು ಟಾರ್ಚ್ ಕಂಪನಿ ಅವನನ್ನು ಕರೆದಾಗ ಹೆಂಡತಿ ತಾರಾ ಮೂಗು ಮುರಿದಿದ್ದಳು. ಅವನು ಮಾತ್ರ ಕುಣಿದುಕೊಂಡು ಹೋದ. ಕಾರಿನ ಕಂಪನಿಯಲ್ಲಿ ಅವನು ನೂರರಲ್ಲಿ ಒಬ್ಬ. ಇಲ್ಲಿ ಬೆಳಕಿನ ವಿಷಯ ಬಂತೆಂದರೆ ಎಲ್ಲರೂ ಅಶ್ವತ್ಥ-ಸಾನ್ ಎಂದು ಗೌರವದಿಂದ ಅವನ ಕಡೆ ತಿರುಗುತ್ತಿದ್ದರು.

ಅವನ ಪಾಲಿಗೆ ಬಂದದ್ದು ಫೋಕಸ್ ಬದಲಾಯಿಸುವ ಟಾರ್ಚು. ಮುಂದಿನ ತಲೆಯನ್ನು ಎಳೆದರೆ ಬೆಳಕು ಒಂದೆಡೆ ಕೂಡಿ ದೂರ ಹೋಗುತ್ತದೆ, ಹಿಂದೆ ತಳ್ಳಿದರೆ ಹರಡಿಕೊಂಡು ಕಾಲಬುಡ ಕಾಣಿಸುತ್ತದೆ. ಬಹಳ ಮನೆಗಳಲ್ಲಿ ಇಂಥದ್ದೊಂದು ಇರುತ್ತದೆ, ಅದರ ತೊಂದರೆ ಮಾತ್ರ ಕರೆಂಟು ಹೋದಾಗಲೇ ಗೊತ್ತಾಗುವುದು. ಚಳಿಗೆ ಒಳಗಿನ ರಬ್ಬರು ಬಿಗಿದುಕೊಂಡರೆ ತಲೆ ಅಲುಗುವುದಿಲ್ಲ; ವಯಸ್ಸಾದವರ ಬೆರಳಿಗಂತೂ ಆಗುವುದೇ ಇಲ್ಲ. ಎಳೆದು ತಳ್ಳಿ ಮಾಡುವಾಗ ಸೈಕಲ್ ಪಂಪಿನ ಹಾಗೆ ಗಾಳಿಯ ಜೊತೆ ಧೂಳನ್ನೂ ಒಳಗೆ ಎಳೆದುಕೊಳ್ಳುತ್ತದೆ. ಅಶ್ವತ್ಥ ಒಂದೊಂದಕ್ಕೂ ಒಂದೊಂದು ದಾರಿ ಹುಡುಕಿದ. ಎಳೆಯುವ ಬದಲು ತಿರುಗಿಸುವ ಉಂಗುರ ಇಟ್ಟ. ಕತ್ತಲಲ್ಲೂ ಬೆರಳಿಗೆ ತಿಳಿಯುವಂತೆ ಹತ್ತಿರಕ್ಕೊಂದು, ದೂರಕ್ಕೊಂದು ಟಕ್ಕೆನ್ನುವ ಹಲ್ಲು ಕೂರಿಸಿದ. ಬೆಳಕು ಇನ್ನೂ ಚೆನ್ನಾಗಿ ಕೂಡಲೆಂದು ಲೆನ್ಸನ್ನು ಇನ್ನಷ್ಟು ದಪ್ಪ ಮಾಡಿದ.

ಆದರೆ ಭೇಷ್ ಮಗನೇ ಎಂದು ಅವನು ತನ್ನ ಬೆನ್ನು ತಾನೇ ತಟ್ಟಿಕೊಂಡದ್ದು ಕೊನೆಯ ಐಡಿಯಾಕ್ಕೆ. ಭೂಕಂಪವಾದರೆ ಇಲ್ಲಿ ಜನ ಶಾಲೆಯ ಹಾಲಿನಲ್ಲಿ ಚಾಪೆ ಹಾಸಿಕೊಂಡು ಮಲಗುತ್ತಾರೆ. ಅಲ್ಲಿ ದೂರಕ್ಕೆ ಹೋಗುವ ಬೆಳಕು ಯಾರಿಗೆ ಬೇಕು, ಎದುರಿನವರ ಕಣ್ಣಿಗೆ ಚುಚ್ಚುತ್ತದೆ ಅಷ್ಟೇ. ಅದಕ್ಕೆ ಅವನು ಲೆನ್ಸಿನ ತಲೆಯನ್ನು ಅಯಸ್ಕಾಂತದಿಂದ ಕೂರಿಸಿದ. ಹಿಡಿದು ಕಿತ್ತರೆ ತಲೆ ಕಳಚಿ ಕೈಗೆ ಬರುತ್ತದೆ; ಉಳಿದ ಕೊಳವೆಯನ್ನು ನೆಲದ ಮೇಲೆ ನಿಲ್ಲಿಸಿದರೆ ಲಾಂದ್ರದ ಹಾಗೆ ಸುತ್ತಲೂ ಬೆಳಕು. ಕಳಚಿದ ತಲೆ ಎಲ್ಲಾದರೂ ಉರುಳಿ ಕಳೆದುಹೋಗಬಾರದಲ್ಲ, ಅದಕ್ಕೆ ಅಂಚಿನ ಒಂದು ಪಕ್ಕವನ್ನು ಚಪ್ಪಟೆ ಮಾಡಿದ. ಎಲ್ಲಿಟ್ಟರೂ ಆ ದಪ್ಪ ಗಾಜು ನೆಟ್ಟಗೆ ನಿಂತುಕೊಳ್ಳುತ್ತಿತ್ತು. ಊಟದ ಮೇಜಿನ ಮೇಲೆ ಅದನ್ನು ನಿಲ್ಲಿಸಿ, ಬೀಳಿಸು ನೋಡೋಣ ಎಂದು ತಾರಾಳಿಂದ ಮೇಜು ಕುಟ್ಟಿಸಿದ್ದ. ಸಾರಿನ ಪಾತ್ರೆ ತುಳುಕಿತು, ಲೆನ್ಸು ಅಲುಗಲಿಲ್ಲ.

ಇನ್ನು ಅವನ ಸ್ವಭಾವ. ಈ ದೇಶಕ್ಕೆ ಬಂದವರೆಲ್ಲ ಬೇಗ ಕಲಿಯುವ ಮಾತು ಕ್ಷಮಿಸಿ ಎನ್ನಲು ಸುಮಿಮಾಸೆನ್, ಥ್ಯಾಂಕ್ಸ್ ಎನ್ನಲು ಅರಿಗಾತೋ. ಅಶ್ವತ್ಥ ಅವುಗಳ ಜೊತೆ ಮೇವಾಕು ಎನ್ನುವುದನ್ನೂ ಕಲಿತು ತಲೆಗೆ ಹಚ್ಚಿಕೊಂಡುಬಿಟ್ಟಿದ್ದ. ಮೇವಾಕು ಎಂದರೆ ಬೇರೆಯವರಿಗೆ ತೊಂದರೆ ಕೊಡುವುದು. ಇಲ್ಲಿ ಅದಕ್ಕಿಂತ ದೊಡ್ಡ ತಪ್ಪಿಲ್ಲ. ಹಾಗೆ ನೋಡಿದರೆ ಅವನು ಬೆಂಗಳೂರಿನಲ್ಲಿದ್ದಾಗಲೂ ಕಂಡಕ್ಟರ್ ಹತ್ತಿರ ಚಿಲ್ಲರೆ ಕೇಳಲು ಹಿಂಜರಿಯುತ್ತಿದ್ದವನೇ. ಇಲ್ಲಿಗೆ ಬಂದ ಮೇಲೆ ಆ ಹಿಂಜರಿಕೆಗೆ ಒಂದು ಗೌರವದ ಹೆಸರು ಸಿಕ್ಕಿತು. ಮಹಡಿಯ ಮನೆಯಲ್ಲಿ ತುದಿಗಾಲಲ್ಲಿ ನಡೆಯುತ್ತಿದ್ದ. ರಾತ್ರಿ ವಾಷಿಂಗ್ ಮೆಷಿನ್ ಹಾಕಲು ಬಿಡುತ್ತಿರಲಿಲ್ಲ. ಇವರು ಜಪಾನಿನವರಿಗಿಂತ ಹೆಚ್ಚು ಜಪಾನಿನವರು ಎಂದು ತಾರಾ ರೇಗಿಸಿದರೆ ಅವನಿಗೆ ಒಳಗೊಳಗೇ ಖುಷಿಯಾಗುತ್ತಿತ್ತು.

ಈಗ ಹೇಳಹೊರಟಿರುವುದು ಜನವರಿಯ ಒಂದು ದಿನದ ಮಾತು. ಅವತ್ತು ಕಂಪನಿಯಲ್ಲಿ ಅವನ ಟಾರ್ಚಿನ ಡಿಸೈನ್ ರಿವ್ಯೂ. ಮನೆಯಲ್ಲಿ ಮಗಳು ಪ್ರಣತಿಗೆ ಫ್ಲೂ ಬಂದು ಜ್ವರ ಬಿಟ್ಟಿತ್ತು. ಆದರೂ ಇನ್ನೆರಡು ದಿನ ಶಾಲೆಗೆ ಕಳಿಸುವ ಹಾಗಿರಲಿಲ್ಲ. ಮೂರನೇ ಕ್ಲಾಸಿನ ಹುಡುಗಿ, ಹಾಸಿಗೆಯಲ್ಲಿ ಬಿದ್ದುಕೊಂಡು ಕಾಮಿಕ್ಸ್ ಓದುತ್ತ, ನಿದ್ದೆ ಮಾಡುತ್ತ ದಿನ ಕಳೆಯುತ್ತಿದ್ದಳು. ತಾರಾಗೆ ಅವತ್ತೇ ಹಲ್ಲಿನ ಡಾಕ್ಟರ ಹತ್ತಿರ ಅಪಾಯಿಂಟ್‌ಮೆಂಟ್ ಇತ್ತು.

"ಕ್ಯಾನ್ಸಲ್ ಮಾಡ್ಬಿಡ್ತೀನಿ ರೀ. ಮಗು ಒಬ್ಳೇ ಇರ್ತಾಳೆ," ಎಂದಳು ತಾರಾ ಬೆಳಗ್ಗೆ ಕಾಫಿ ಕೊಡುತ್ತ.

"ಅದೇ ದಿನ ಕ್ಯಾನ್ಸಲ್ ಮಾಡಿದ್ರೆ ಚೆನ್ನಾಗಿರಲ್ಲ ತಾರಾ. ಆ ಟೈಮನ್ನ ಅವ್ರು ಇನ್ಯಾರಿಗೋ ಕೊಡ್ಬಹುದಿತ್ತು."

"ಹಾಗಂತ ಇವಳನ್ನ ಬಿಟ್ಟು ಹೋಗೋದಾ?"

"ಒಂದೂವರೆ ಗಂಟೆ ತಾನೆ. ಇಲ್ಲಿ ಇವಳ ವಯಸ್ಸಿನ ಮಕ್ಕಳು ಟ್ರೇನ್ ಹತ್ಕೊಂಡು ಒಬ್ರೇ ಓಡಾಡ್ತಾರೆ."

ಒಳಗಿಂದ ಪ್ರಣತಿ ಕೂಗಿದಳು. "ದೈಜೋಬು ಅಮ್ಮ, ಐ ವಿಲ್ ಜಸ್ಟ್ ಸ್ಲೀಪ್." ಮಗಳೇ ಪರವಾಗಿಲ್ಲ ಎಂದ ಮೇಲೆ ತಾರಾ ಸುಮ್ಮನಾದಳು. ಅವಳ ಮುಖ ಮಾತ್ರ ಸುಮ್ಮನಾಗಿರಲಿಲ್ಲ.

ಇದಕ್ಕೂ ಮುಂಚೆ, ಹೊರಗೆ ಇನ್ನೂ ಕತ್ತಲಿದ್ದಾಗಲೇ ಅಶ್ವತ್ಥ ಸ್ನಾನ ಮಾಡಿ ದೇವರ ಮುಂದೆ ನಿಂತಿದ್ದ. ಅವರ ಹಾಲಿನಲ್ಲಿ ಬಾಲ್ಕನಿಯ ಗಾಜಿನ ಬಾಗಿಲ ಪಕ್ಕ ಒಂದು ಮರದ ಗೂಡು. ಅದರ ಮೇಲೆ ಕೆಂಪು ಬ್ಲೌಸ್ ಪೀಸ್ ಹಾಸಿ ಗಣಪತಿಯನ್ನೂ ಲಕ್ಷ್ಮಿಯ ಪಟವನ್ನೂ ಕೂರಿಸಿದ್ದಳು ತಾರಾ. ಊದುಬತ್ತಿ, ತುಪ್ಪದಲ್ಲಿ ನೆನೆಸಿದ ಹೂಬತ್ತಿ, ಎಣ್ಣೆಯ ಬಾಟಲಿ ಎಲ್ಲ ಅಲ್ಲೇ. ಹೊಸ ಸ್ಕೂಟರಿರಲಿ, ಪರೀಕ್ಷೆಗೆ ಹೋಗುವ ಪೆನ್ನಿರಲಿ, ಮೊದಲು ದೇವರ ಮುಂದಿಟ್ಟು ಆಮೇಲೆ ಬಳಸುವ ಮನೆತನದಿಂದ ಬಂದವನು ಅವನು. ಕಂಪನಿಯಲ್ಲಿ ಮಾಡಿಸಿದ್ದ ಮೂರು ಲೆನ್ಸಿನ ತಲೆಗಳಲ್ಲಿ ಎರಡನ್ನು ಬ್ಯಾಗಿಗೆ ಹಾಕಿಕೊಂಡ. ಮೂರನೆಯದಕ್ಕೆ ಕುಂಕುಮದ ಬೊಟ್ಟಿಟ್ಟು ಗಣಪತಿಯ ಮುಂದೆ ನಿಲ್ಲಿಸಿದ. ಅದು ನೆಟ್ಟಗೆ ನಿಂತಿತು. ಪರದೆ ಎಳೆದಿತ್ತು, ಹಾಲಿನ ಟ್ಯೂಬ್‌ಲೈಟು ಉರಿಯುತ್ತಿತ್ತು. ಕೈ ಮುಗಿದು ಹೊರಟ.

ರಿವ್ಯೂ ಹೂವೆತ್ತಿದ ಹಾಗೆ ಸಾಗಿತು. ವಿಭಾಗದ ಮುಖ್ಯಸ್ಥ ಮೊಚಿಜುಕಿ-ಸಾನ್ ಮಾತು ಕಡಿಮೆ ಆಡುವ ಮನುಷ್ಯ. ಉಂಗುರವನ್ನು ಕೈಗವಸು ಹಾಕಿಕೊಂಡು ತಿರುಗಿಸಿ ನೋಡಿ, ಹೂಂ ಎಂದು ತಲೆಯಾಡಿಸಿದರು. ಪರದೆ ಎಳೆದು ದೀಪ ಆರಿಸಿ ಅಶ್ವತ್ಥ ತಲೆ ಕಳಚಿ ಕೊಳವೆಯನ್ನು ಮೇಜಿನ ಮೇಲೆ ನಿಲ್ಲಿಸಿದಾಗ ಎಲ್ಲರ ಮುಖದ ಮೇಲೂ ಮೆತ್ತನೆಯ ಬೆಳಕು ಬಿತ್ತು. ಯಾರೋ ಓಹೋ ಎಂದರು. ಅವನ ಎದೆ ಉಬ್ಬಿತು.

ಆಗ ಕ್ವಾಲಿಟಿ ವಿಭಾಗದ ಓಇಶಿ-ಸಾನ್ ಕೈ ಎತ್ತಿದರು. ಐವತ್ತು ದಾಟಿದ ಹೆಂಗಸು, ಅವರು ಎಷ್ಟು ಮೆತ್ತಗೆ ಕೇಳುತ್ತಾರೋ ಪ್ರಶ್ನೆ ಅಷ್ಟು ಗಟ್ಟಿ ಎಂದು ಎಲ್ಲರಿಗೂ ಗೊತ್ತು.

"ಕ್ಷಮಿಸಿ, ಒಂದೇ ಒಂದು ಸಣ್ಣ ಸಂದೇಹ. ಕಳಚಿದ ತಲೆಯನ್ನು ಜನ ಎಲ್ಲಿ ಇಡುತ್ತಾರೆ?"

"ಪಕ್ಕದಲ್ಲಿ ಎಲ್ಲಾದರೂ. ಬೀಳದ ಹಾಗೆ ಅಂಚು ಚಪ್ಪಟೆ ಮಾಡಿದ್ದೇನೆ," ಎಂದ ಅಶ್ವತ್ಥ.

"ಕಿಟಕಿಯ ಪಕ್ಕದಲ್ಲಿಟ್ಟರೆ?"

ಅವರು ಎದ್ದು ಪರದೆ ಸರಿಸಿದರು. ಹಮಾಮತ್ಸುವಿನ ಚಳಿಗಾಲ ಮಳೆಯಿಲ್ಲದ, ಮೋಡವಿಲ್ಲದ, ಬರೀ ಒಣಗಾಳಿ ಬೀಸುವ ಚಳಿಗಾಲ. ತಗ್ಗಿನಿಂದ ಬಂದ ಬಿಸಿಲು ಮೇಜಿನ ಅರ್ಧದವರೆಗೂ ಚಾಚಿಕೊಂಡಿತು. ಓಇಶಿ-ಸಾನ್ ಲೆನ್ಸನ್ನು ಕಿಟಕಿಯ ಕಟ್ಟೆಯ ಮೇಲೆ ನಿಲ್ಲಿಸಿ, ಅದರ ಹಿಂದೆ ಎರಡು ಬೆರಳಿನಷ್ಟು ದೂರಕ್ಕೆ ಒಂದು ಕಪ್ಪು ರಟ್ಟನ್ನು ಹಿಡಿದರು. ಬಿಳಿ ಚುಕ್ಕಿಯೊಂದು ಮೂಡಿತು. ನೋಡನೋಡುತ್ತಿದ್ದಂತೆ ಅದರಿಂದ ದಾರದಂಥ ಹೊಗೆ ಎದ್ದಿತು. ಮೊಚಿಜುಕಿ-ಸಾನ್ ಹಲ್ಲಿನ ಸಂದಿಯಿಂದ ಸ್ಸ್ ಎಂದು ಉಸಿರೆಳೆದುಕೊಂಡರು.

ಪ್ರತಿ ಚಳಿಗಾಲದಲ್ಲೂ ಹೀಗೆ ಬೆಂಕಿ ಬೀಳುತ್ತದೆ, ನೀರಿನ ಬಾಟಲಿಯಿಂದ, ಗಾಜಿನ ಗೊಂಬೆಯಿಂದ, ಬಿಸಿಲು ತಗ್ಗಿನಿಂದ ಬಂದು ಮನೆಯ ಒಳಗಿನವರೆಗೂ ತಲುಪುತ್ತದಲ್ಲ, ಅದಕ್ಕೇ ಚಳಿಗಾಲವೇ ಹೆಚ್ಚು ಅಪಾಯ ಎಂದು ಓಇಶಿ-ಸಾನ್ ಮೆತ್ತಗೆ ವಿವರಿಸಿದರು. ಅಶ್ವತ್ಥನ ಕಿವಿ ಕೆಂಪಾಯಿತು. ಚಪ್ಪಟೆ ಅಂಚು ತೆಗೆದುಬಿಡುತ್ತೇನೆ, ತಾನಾಗಿ ಮಗುಚಿ ಬೀಳುವ ಹಾಗೆ ಮಾಡುತ್ತೇನೆ, ಇಲ್ಲವೇ ಕಳಚಿದ ಕೂಡಲೇ ಮುಚ್ಚಿಕೊಳ್ಳುವ ರೆಪ್ಪೆ ಇಡುತ್ತೇನೆ ಎಂದು ಬೋರ್ಡಿನ ಮೇಲೆ ಚಿತ್ರ ಬರೆಯತೊಡಗಿದ. ರೆಪ್ಪೆಯ ಅರ್ಧ ಬರೆದಿದ್ದ. ಎಲ್ಲಿ ಇಡುತ್ತಾರೆ ಎಂಬ ಪ್ರಶ್ನೆ ಆಗ ತಿರುಗಿ ಬಂದು ಅವನ ಎದೆಗೇ ಬಡಿಯಿತು. ಅವನು ಎಲ್ಲಿಟ್ಟು ಬಂದಿದ್ದ?

ಕೈಯಲ್ಲಿದ್ದ ಮಾರ್ಕರ್ ನಿಂತಿತು. ಗಡಿಯಾರ ನೋಡಿದ. ಹತ್ತೂವರೆ ದಾಟಿತ್ತು. ಅವರ ಹಾಲಿಗೆ ಬಿಸಿಲು ಬರುವುದೇ ಆ ಹೊತ್ತಿಗೆ. ಎಷ್ಟು ಚೆನ್ನಾಗಿ ಬಿಸಿಲು ಬೀಳತ್ತೆ ನೋಡಿ ದೇವರ ಮೇಲೆ, ಹೀಟರೇ ಬೇಡ ಎಂದು ತಾರಾ ಚಳಿಗಾಲವೆಲ್ಲ ಹೇಳುತ್ತಿದ್ದಳು. ಪರದೆಯನ್ನು ಅವಳು ಸರಿಸಿಯೇ ಇರುತ್ತಾಳೆ. ಇಷ್ಟು ಹೊತ್ತಿಗೆ ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಬಾಯಿ ತೆರೆದು ಕೂತಿರುತ್ತಾಳೆ. ಮನೆಯಲ್ಲಿ ಮಗಳು ಒಬ್ಬಳೇ ನಿದ್ದೆ ಮಾಡುತ್ತಿದ್ದಾಳೆ.

ಇಂಥ ಹೊತ್ತಿನಲ್ಲಿ ಯಾರಾದರೂ ಅಯ್ಯೋ ನನ್ನ ಮನೆ ಎಂದು ಓಡುತ್ತಾರೆ. ನಮ್ಮ ಅಶ್ವತ್ಥ ಮಾರ್ಕರಿನ ಮುಚ್ಚಳ ಹಾಕಿದ, ಮೇಜಿನ ಮೇಲಿಟ್ಟ, ಬಗ್ಗಿ ವಂದಿಸಿದ.

"ಸುಮಿಮಾಸೆನ್. ಮನೆಯಲ್ಲಿ ಸ್ವಲ್ಪ ಕೆಲಸ ಬಂದಿದೆ. ಒಂದು ಗಂಟೆ ಹೋಗಿ ಬರಬಹುದೇ?"

"ದೊಡ್ಡದೇನಾದರೂ?" ಎಂದರು ಮೊಚಿಜುಕಿ-ಸಾನ್.

"ಇಲ್ಲ, ಇಲ್ಲ. ತುಂಬ ಚಿಕ್ಕ ವಿಷಯ."

ಬಾಗಿಲವರೆಗೆ ನಡೆದೇ ಹೋದ. ಬಾಗಿಲು ಮುಚ್ಚಿದ ಮೇಲೆ ಓಡಿದ.

ಕಾರಿನಲ್ಲಿ ಕೂತು ತಾರಾಗೆ ಫೋನ್ ಮಾಡಿದ. ರಿಂಗಾಗಿ ರಿಂಗಾಗಿ ನಿಂತಿತು. ಮತ್ತೆ ಮತ್ತೆ ಮಾಡಿದರೂ ಅದೇ. ಆಸ್ಪತ್ರೆಯೊಳಗೆ, ಬಸ್ಸಿನಲ್ಲಿ, ಟ್ರೇನಿನಲ್ಲಿ ಫೋನ್ ಸದ್ದು ಮಾಡಬಾರದು ಎಂದು ಅವಳಿಗೆ ಹೇಳಿ ಹೇಳಿ ರೂಢಿ ಮಾಡಿಸಿದವನು ಅವನೇ. ಪ್ರಣತಿಗೆ ಫೋನಿಲ್ಲ. ಹಲ್ಲಿನ ಕ್ಲಿನಿಕ್ಕಿನ ಹೆಸರು ನೆನಪಿಗೆ ಬರಲೊಲ್ಲದು. ಅಪಾರ್ಟ್‌ಮೆಂಟಿನ ಮೇಲ್ವಿಚಾರಕರ ಆಫೀಸಿಗೆ ಮಾಡಿದರೆ, ಇವತ್ತು ನಮ್ಮ ಸಿಬ್ಬಂದಿ ಇರುವುದಿಲ್ಲ ಎಂದು ರೆಕಾರ್ಡ್ ಮಾಡಿದ ಹೆಣ್ಣುದನಿ ಬಹಳ ವಿನಯದಿಂದ ಹೇಳಿತು. ಕೆಳಗಿನ ಮನೆಯಲ್ಲಿ ಯಾಮಾಶಿತಾ ದಂಪತಿ ಯಾವಾಗಲೂ ಮನೆಯಲ್ಲೇ ಇರುವ ಮುದುಕರು. ಆರು ವರ್ಷದಿಂದ ಮೆಟ್ಟಿಲ ಬಳಿ ಸಿಕ್ಕಾಗಲೆಲ್ಲ ತಲೆ ಬಾಗಿಸಿದ್ದಾನೆ, ಹವಾಮಾನ ಮಾತಾಡಿದ್ದಾನೆ. ಅವರ ಫೋನ್ ನಂಬರು ಕೇಳಿರಲಿಲ್ಲ. ಕೇಳಿದರೆ ಏನಂದುಕೊಳ್ಳುತ್ತಾರೋ ಎಂದು.

ಉಳಿದದ್ದು ಒಂದೇ ನಂಬರು, 119. ಫೈರ್ ಇಂಜಿನ್ನಿನವರದು.

ಬೆರಳು ಆ ಮೂರು ಅಂಕಿ ಒತ್ತಿತು. ಹಸಿರು ಗುಂಡಿಯ ಮೇಲೆ ನಿಂತಿತು. ಏನೆಂದು ಹೇಳುವುದು? ಬೆಂಕಿಯೇ ಎಂದು ಕೇಳುತ್ತಾರೆ. ಗೊತ್ತಿಲ್ಲ. ಹೊಗೆ ಕಾಣುತ್ತಿದೆಯೇ? ಗೊತ್ತಿಲ್ಲ, ನಾನು ಕಂಪನಿಯಲ್ಲಿದ್ದೇನೆ. ಮತ್ತೆ? ದೇವರ ಮುಂದೆ ಒಂದು ಲೆನ್ಸ್ ಇಟ್ಟು ಬಂದಿದ್ದೇನೆ. ಯಾಕೆ ಇಟ್ಟಿರಿ? ಆಶೀರ್ವಾದಕ್ಕೆ. ಕೆಂಪು ಗಾಡಿಗಳು ಬೀದಿಯನ್ನೆಲ್ಲ ಬಡಿದೆಬ್ಬಿಸಿಕೊಂಡು ಬರುತ್ತವೆ, ಯಾಮಾಶಿತಾ ಮುದುಕರು ಚಪ್ಪಲಿ ಹುಡುಕುತ್ತ ಹೊರಗೆ ಬರುತ್ತಾರೆ, ಫೈರಿನವರು ಬಾಗಿಲು ಒಡೆಯುತ್ತಾರೆ, ಒಳಗೆ ಏನೂ ಆಗಿರುವುದಿಲ್ಲ. ಆಮೇಲೆ ಮನೆಮನೆಗೆ ಸ್ವೀಟ್ ಬಾಕ್ಸ್ ಹಿಡಿದುಕೊಂಡು ಹೋಗಿ ಸೊಂಟ ಬಗ್ಗಿಸಿ ಕ್ಷಮೆ ಕೇಳಬೇಕು. ಅವನಿಗೆ ಆ ಬಾಕ್ಸುಗಳ ಬಣ್ಣದ ಕಾಗದ ಕೂಡ ಕಂಡಿತು. ಕಾಣಬೇಕಾದ್ದು ಯಾಕೋ ಅಷ್ಟು ಸ್ಪಷ್ಟವಾಗಿ ಕಾಣಲಿಲ್ಲ. ನಾನೇ ಹೋಗುತ್ತೇನೆ, ಇಪ್ಪತ್ತು ನಿಮಿಷದ ದಾರಿ ಎಂದುಕೊಂಡು ಫೋನನ್ನು ಪಕ್ಕದ ಸೀಟಿಗೆ ಹಾಕಿದ.

ದಾರಿಯುದ್ದಕ್ಕೂ ಬಿಸಿಲು. ಒಂದು ಮೋಡ ಕೊಡು ತಂದೆ, ಅಂಗೈಯಗಲ ಆದರೂ ಸಾಕು ಎಂದು ಬೇಡಿಕೊಂಡ. ಆಕಾಶ ಒರೆಸಿಟ್ಟ ಹಾಗಿತ್ತು. ಜನ ಬಾಲ್ಕನಿಗಳಲ್ಲಿ ಹಾಸಿಗೆ ಒಣಗಿಸುತ್ತಿದ್ದರು. ಮನಸ್ಸು ಎಂಥದ್ದು ನೋಡಿ, ಇಷ್ಟರಲ್ಲೂ ಅದು ಟಾರ್ಚನ್ನು ಬಿಡಲಿಲ್ಲ. ರೆಪ್ಪೆಗಿಂತ, ಬಿಸಿಲನ್ನು ಒಂದೆಡೆ ಕೂಡಿಸದಂತೆ ನಡುವೆ ಹಳ್ಳ ತೆಗೆದ ತೆಳು ಲೆನ್ಸ್ ವಾಸಿ, ತಲೆಯನ್ನು ಸಣ್ಣ ಸರಪಳಿಯಲ್ಲಿ ಕೊಳವೆಗೇ ಕಟ್ಟಿಬಿಟ್ಟರೆ ಎಲ್ಲೂ ನಿಲ್ಲಿಸಲಿಕ್ಕಾಗುವುದಿಲ್ಲ ಎಂದು ಅದು ತನ್ನಷ್ಟಕ್ಕೆ ಲೆಕ್ಕ ಹಾಕುತ್ತಿತ್ತು. ಥೂ ಎಂದು ಉಗಿದುಕೊಂಡ.

ಬೆಂಕಿ ಹತ್ತಿದರೂ ಚಾವಣಿಯ ಅಲಾರಂ ಕೂಗುತ್ತದೆ, ಪ್ರಣತಿ ಎಚ್ಚರವಾಗುತ್ತಾಳೆ ಎಂದು ಸಮಾಧಾನ ಮಾಡಿಕೊಳ್ಳಲು ನೋಡಿದ. ಆ ಸಮಾಧಾನ ಒಂದು ಗಳಿಗೆಯೂ ನಿಲ್ಲಲಿಲ್ಲ. ಬಂದ ವರ್ಷ ಗೌರಿ ಹಬ್ಬದಲ್ಲಿ ಊದುಬತ್ತಿಯ ಹೊಗೆಗೆ ಆ ಅಲಾರಂ ಅರಚಿಕೊಂಡು, ಅಕ್ಕಪಕ್ಕದವರೆಲ್ಲ ಗಾಬರಿಯಾಗಿ ಹೊರಗೆ ಬಂದಿದ್ದರು. ಮರುದಿನ ಮನೆಮನೆಗೆ ಹೋಗಿ ಕ್ಷಮೆ ಕೇಳಿ ಬಂದವನು, ಸ್ಟೂಲ್ ಹತ್ತಿ ಆ ಯಂತ್ರಕ್ಕೆ ಸ್ನಾನದ ಪ್ಲಾಸ್ಟಿಕ್ ಟೋಪಿ ಕಟ್ಟಿಬಿಟ್ಟಿದ್ದ. ಒಗ್ಗರಣೆ ಹಾಕಲು, ಪೂಜೆ ಮಾಡಲು ಇನ್ನು ಯಾರ ಭಯವೂ ಇಲ್ಲ ಎಂದು ತಾರಾ ಮೆಚ್ಚಿಕೊಂಡಿದ್ದಳು. ಆ ಟೋಪಿ ಇನ್ನೂ ಅಲ್ಲೇ ಇದೆ.

ಮನೆಗೆ ಅರ್ಧ ದಾರಿಯಲ್ಲಿ ಒಂದು ಫೈರ್ ಸ್ಟೇಷನ್. ಅದರ ಮುಂದಿನ ಸಿಗ್ನಲ್ ಕೆಂಪಾಯಿತು. ಸ್ಟೇಷನ್ನಿನ ಬಾಗಿಲುಗಳು ಪೂರ್ತಿ ಮೇಲೆತ್ತಿದ್ದವು. ನೀಲಿ ಬಟ್ಟೆಯ ಹುಡುಗರು ಗಾಡಿಯನ್ನು ತೊಳೆಯುತ್ತಿದ್ದರು. ಪೈಪಿನ ನೀರು ಹರಿದು ಅವನ ಕಾರಿನ ಚಕ್ರದವರೆಗೂ ಬಂದಿತ್ತು. ಕಿಟಕಿ ಇಳಿಸಿ, ನನ್ನ ಮಗಳು ಒಬ್ಬಳೇ ಇದ್ದಾಳೆ ಎಂದರೆ ಸಾಕು. ಕೈ ಕಿಟಕಿಯ ಗುಂಡಿಯ ಮೇಲೆ ಹೋಯಿತು. ಅಷ್ಟರಲ್ಲಿ ಆ ಹುಡುಗರಲ್ಲೊಬ್ಬ ಇವನನ್ನು ನೋಡಿ, ನೀರು ಸಿಡಿಯಿತೇನೋ ಎಂದು ಟೋಪಿ ತೆಗೆದು ತಲೆ ಬಾಗಿಸಿದ. ಅಶ್ವತ್ಥ ಕಾರಿನೊಳಗಿಂದಲೇ ತಲೆ ಬಾಗಿಸಿದ. ದೀಪ ಹಸಿರಾಯಿತು. ಅವನು ಮುಂದೆ ಹೋದ.

ಬೀದಿ ತಿರುಗಿದಾಗ ಮೊದಲು ನೋಡಿದ್ದು ಬಾಲ್ಕನಿಯನ್ನು. ಹೊಗೆಯಿಲ್ಲ. ಕೆಳಗಿನ ಮನೆಯ ಮುದುಕಿ ಕುಂಡಕ್ಕೆ ನೀರು ಹಾಕುತ್ತಿದ್ದಳು. ಅವನಿಗೆ ಅಳುವೇ ಬಂದಂತಾಯಿತು, ಅದರ ಹಿಂದೆಯೇ ಸದ್ಯ, ಫೋನ್ ಮಾಡಲಿಲ್ಲ ಎನ್ನಿಸಿತು. ಹಾಗೆ ಎನ್ನಿಸಿದ್ದು ಮೆಟ್ಟಿಲು ಹತ್ತುವಷ್ಟು ಹೊತ್ತು ಮಾತ್ರ. ಬಾಗಿಲು ತೆಗೆದ ಕೂಡಲೇ ಊದುಬತ್ತಿಯ ವಾಸನೆ ಮುಖಕ್ಕೆ ಬಡಿಯಿತು.

ಹಾಲಿನಲ್ಲಿ ಹೊಗೆ ಆಳೆತ್ತರದಲ್ಲಿ ಪದರ ಕಟ್ಟಿತ್ತು. ಲೆನ್ಸು ಕುಂಕುಮದ ಬೊಟ್ಟಿನ ಸಮೇತ ಎಲ್ಲಿಟ್ಟಿದ್ದನೋ ಅಲ್ಲೇ ನೆಟ್ಟಗೆ ನಿಂತಿತ್ತು. ಅದರ ಹಿಂದೆ ಕೆಂಪು ಬಟ್ಟೆಯ ಮೇಲೆ ಬಸವನಹುಳ ಹರಿದ ಹಾಗೆ ಒಂದು ಕಪ್ಪು ಗೀಟು. ಸೂರ್ಯ ಮೇಲೇರಿದಂತೆ ಆ ಬಿಳಿ ಚುಕ್ಕಿ ನಿಧಾನವಾಗಿ ಸರಿದು ಊದುಬತ್ತಿಯ ಕಟ್ಟನ್ನು ಮುಟ್ಟಿತ್ತು. ಇಡೀ ಕಟ್ಟೇ ಬೂದಿಯಾಗಿತ್ತು. ಹೂಬತ್ತಿಯ ಡಬ್ಬಿಯ ಒಂದು ಮೂಲೆ ಕರಕಲಾಗಿತ್ತು. ಬಟ್ಟೆಯ ಅಂಚಿನಲ್ಲಿ ಕೆಂಡದ ಸಣ್ಣ ಗೆರೆಯೊಂದು ಮಿಣಮಿಣ ಎನ್ನುತ್ತ ಪರದೆಯ ಕಡೆಗೆ ತೆವಳುತ್ತಿತ್ತು. ಎಣ್ಣೆಯ ಬಾಟಲಿ ಅದರ ಪಕ್ಕದಲ್ಲೇ ಇತ್ತು.

ಅವನು ಅಂಗೈಯಿಂದಲೇ ಅದುಮಿದ. ಬಟ್ಟೆಯನ್ನು ಎಳೆದ, ಗಣಪತಿ ಉರುಳಿ ನೆಲಕ್ಕೆ ಬಿತ್ತು. ಬಟ್ಟೆಯನ್ನು ಬಚ್ಚಲಿಗೆ ಎಸೆದು ನಲ್ಲಿ ಬಿಟ್ಟ. ಬಕೆಟ್ಟು ತಂದು ಗೂಡಿನ ಮೇಲೂ ಪರದೆಯ ಮೇಲೂ ಸುರಿದ. ಬಾಲ್ಕನಿಯ ಬಾಗಿಲು ತೆರೆದ. ಅಂಗೈ ಬೊಬ್ಬೆ ಎದ್ದದ್ದು ಅವನಿಗೆ ಗೊತ್ತೇ ಆಗಲಿಲ್ಲ. ಮಲಗುವ ಕೋಣೆಯ ಕಡೆ ಓಡಿದ.

ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಒಳಗೂ ತೆಳುವಾಗಿ ಹೊಗೆ. ಪ್ರಣತಿ ರಜಾಯಿ ಕತ್ತಿನವರೆಗೆ ಎಳೆದುಕೊಂಡು ಮಗ್ಗುಲಾಗಿ ಮಲಗಿದ್ದಳು. ಅವನು ಭುಜ ಹಿಡಿದು ಅಲುಗಿಸಿದ. ಅವಳು ಕೆಮ್ಮಿ, ಕಣ್ಣು ಬಿಟ್ಟಳು.

"ಅಪ್ಪ? ಯಾಕೆ ಅರ್ಲಿ ಬಂದೆ?"

"ಪುಟ್ಟಿ, ನಿಂಗೆ... ಹೊಗೆ ವಾಸನೆ ಬರ್ಲಿಲ್ವಾ?"

"ಬಂತು." ಅವಳು ಕಣ್ಣುಜ್ಜಿಕೊಂಡಳು. "ಪೂಜೆ ಸ್ಮೆಲ್. ಅಮ್ಮ ಬ್ಯಾಕ್ ಬಂದ್ಲು ಅಂದ್ಕೊಂಡೆ. ಸೋ ಐ ವೆಂಟ್ ಬ್ಯಾಕ್ ಟು ಸ್ಲೀಪ್."

ಅಶ್ವತ್ಥ ಹಾಸಿಗೆಯ ಅಂಚಿಗೆ ಕೂತ. ಹೊಗೆ ಬಂದರೆ ಕರವಸ್ತ್ರ ಮೂಗಿಗೆ ಹಿಡಿದು, ಬಗ್ಗಿಕೊಂಡು, ಹೊರಗೆ ಹೋಗಬೇಕು ಎಂದು ಇವಳ ಶಾಲೆಯಲ್ಲಿ ವರ್ಷಕ್ಕೆ ಎಷ್ಟೋ ಸಲ ಅಭ್ಯಾಸ ಮಾಡಿಸುತ್ತಾರೆ. ಬೇರೆ ಯಾರ ಮನೆಯಲ್ಲಿದ್ದರೂ ಹಾಗೇ ಮಾಡುತ್ತಿದ್ದಳು. ಈ ಮನೆಯಲ್ಲಿ ಹೊಗೆ ಎಂದರೆ ಅಮ್ಮ. ಅಮ್ಮ ಬಂದಳು, ಇನ್ನು ಭಯವಿಲ್ಲ ಎಂದು ಹೊಗೆಯ ಕಡೆಗೇ ಮುಖ ಮಾಡಿ ಮಗು ನೆಮ್ಮದಿಯಾಗಿ ನಿದ್ದೆ ಹೋಗಿತ್ತು. ಅವನು ಅವಳನ್ನು ರಜಾಯಿ ಸಮೇತ ಎತ್ತಿಕೊಂಡು ಹೋಗಿ ಬಾಲ್ಕನಿಯಲ್ಲಿ ನಿಂತ. ಚಳಿಗಾಳಿ ಮುಖಕ್ಕೆ ಹೊಡೆಯುತ್ತಿತ್ತು. ನಾನೇನು ಬೇಬಿ ಅಲ್ಲ, ಇಳಿಸು ಎಂದು ಅವಳು ಕೊಸರಾಡಿದರೂ ಇಳಿಸಲಿಲ್ಲ.

ತಾರಾ ಬಂದದ್ದು ಅದಾಗಿ ಸುಮಾರು ಹೊತ್ತಿನ ಮೇಲೆ. ಅಷ್ಟೊಂದು ಮಿಸ್ಡ್ ಕಾಲ್ ನೋಡಿ ಬಸ್‌ಸ್ಟಾಪಿನಿಂದ ಓಡಿಕೊಂಡು ಬಂದಿದ್ದಳು. ಮರಗಟ್ಟಿಸುವ ಇಂಜೆಕ್ಷನ್ನಿಗೆ ಅವಳ ಬಾಯಿ ಒಂದು ಪಕ್ಕ ಸೊಟ್ಟಗಾಗಿತ್ತು. ಒದ್ದೆ ನೆಲ, ಕರಕಲು ಗೂಡು, ಮೂಲೆಯಲ್ಲಿ ಬಿದ್ದ ಗಣಪತಿಯನ್ನು ನೋಡಿದಳು. ಕೋಣೆಗೆ ಹೋಗಿ ಮಗಳ ಹಣೆ, ಕೈ, ಕಾಲು ಎಲ್ಲ ಮುಟ್ಟಿ ನೋಡಿದಳು. ಹೊರಗೆ ಬಂದು ಗಂಡನ ಅಂಗೈಯನ್ನು ನಲ್ಲಿಯ ಕೆಳಗೆ ಹಿಡಿಸಿ, ಮುಲಾಮು ಹಚ್ಚತೊಡಗಿದಳು. ಅವನು ಎಲ್ಲವನ್ನೂ ಹೇಳಿದ. ಲೆನ್ಸು, ಓಇಶಿ-ಸಾನ್ ಹಿಡಿದ ಕಪ್ಪು ರಟ್ಟು, ಎತ್ತದ ಫೋನು, ಮಗಳು ಹೇಳಿದ ಮಾತು. ಮುಚ್ಚಿಡಬಹುದಾಗಿದ್ದ ಫೈರ್ ಸ್ಟೇಷನ್ನಿನ ಸಿಗ್ನಲ್ಲನ್ನೂ ಹೇಳಿದ.

ತಾರಾಳ ಕೈ ನಿಂತಿತು.

"ಅಲ್ಲಿ ನಿಂತಿದ್ರಿ ನೀವು. ಅವ್ರ ಮುಂದೆ."

"ಹೂಂ."

"119ಗೂ ಮಾಡ್ಲಿಲ್ಲ."

"ಇಲ್ಲ."

"ಯಾಕೆ?"

ಸುಳ್ಳುಗಳು ಸಾಲಾಗಿ ಬಂದು ನಿಂತವು. ತಲೆ ಓಡಲಿಲ್ಲ, ಬೇಗ ತಲುಪುತ್ತೇನೆ ಅಂದುಕೊಂಡೆ, ಜಪಾನೀಸಿನಲ್ಲಿ ಹೇಗೆ ಹೇಳುವುದೋ ಗೊತ್ತಾಗಲಿಲ್ಲ. ಒಂದೂ ಬಾಯಿಗೆ ಬರಲಿಲ್ಲ.

"ನಾಚಿಕೆ ಆಯ್ತು," ಎಂದ.

"ಯಾರ ಹತ್ರ?"

ಅವನು ಹುಡುಕಿದ. ಯಾಮಾಶಿತಾ ಮುದುಕರು ಅವನ ಕಣ್ಣ ಮುಂದೆ ಬಂದರು, ಟೋಪಿ ತೆಗೆದ ಆ ಹುಡುಗ ಬಂದ, ಮೊಚಿಜುಕಿ-ಸಾನ್ ಬಂದರು. ಅವರಲ್ಲಿ ಯಾರಾದರೂ, ಮಗು ಒಳಗಿದೆ ಎಂದು ಗೊತ್ತಾದರೆ, ಬರಿಗಾಲಲ್ಲಿ ಓಡಿ ಬರುತ್ತಿದ್ದರು. ಅವನಿಗೆ ಅದು ಆಗಲೂ ಗೊತ್ತಿತ್ತು.

ಒಳಗಿಂದ ಪ್ರಣತಿ ಕರೆದಳು. "ಅಪ್ಪಾ, ನೀರು."

ಅಶ್ವತ್ಥ ತಟಕ್ಕನೆ ಎದ್ದ. ತಾರಾ ಅವನ ಭುಜದ ಮೇಲೆ ಕೈಯಿಟ್ಟು, ಮೆಲ್ಲಗೆ, ಸಿಟ್ಟಿಲ್ಲದೆ, ಹಿಂದಕ್ಕೆ ಕೂರಿಸಿದಳು.

"ನೀವು ಕೂತಿರಿ," ಎಂದಳು. "ನಾನು ಹೋಗ್ತೀನಿ."